ಮೋರನಾಳದ ಭೀಮವ್ವ

2025ರ ಜನವರಿಯಲ್ಲಿ ಪದ್ಮಶ್ರೀ ಪಟ್ಟಿ ಹೊರಬಿತ್ತು. ಅದರಲ್ಲಿ ನಮ್ಮ ಕೊಪ್ಪಳ ಜಿಲ್ಲೆಯ ಮೋರನಾಳದ ಭೀಮವ್ವ ದೊಡ್ಡಬಾಳಪ್ಪ ಶಿಳ್ಳೇಕ್ಯಾತರ ಅವರ ಹೆಸರಿತ್ತು. ಆಗ ಅವರಿಗೆ 96 ವರ್ಷ. ತೊಗಲು ಗೊಂಬೆಯಾಟದಲ್ಲೇ 70 ವರ್ಷಕ್ಕೂ ಹೆಚ್ಚು ಕಾಲ ಕಳೆದ ಹಿರಿಯ ಜೀವ. ಯಲಬುರ್ಗಾದಲ್ಲಿ ಸುದ್ದಿ ಓದಿದ ಮುದುಕರಿಗೆ ಆ ಅಡ್ಡಹೆಸರೇ ಸಾಕಾಯಿತು. ಶಿಳ್ಳೇಕ್ಯಾತರು ಅಂದರೆ ಯಾರು ಅಂತ ಹೊಸ ಹುಡುಗರಿಗೆ ಮಾತ್ರ ಬಿಡಿಸಿ ಹೇಳಬೇಕಾಯಿತು.

ಭೀಮವ್ವ ಹುಟ್ಟಿದ ಕಾಲಕ್ಕೆ ಈ ಸೀಮೆ ಹೈದರಾಬಾದ್ ಸಂಸ್ಥಾನದ್ದು. ಕೊಪ್ಪಳ, ಯಲಬುರ್ಗಾ ಎರಡೂ ಸಾಲಾರ್‌ಜಂಗ್ ಮನೆತನದ ಜಹಗೀರು. ಸಂತೆಯಲ್ಲಿ ಓಡಾಡುತ್ತಿದ್ದುದು ನಿಜಾಮನ ಹಾಲಿ ಸಿಕ್ಕಾ. ಬ್ರಿಟಿಷರ ಆರು ಕಲ್ದಾರ್ ರೂಪಾಯಿಗೆ ಹೆಚ್ಚುಕಡಿಮೆ ಏಳು ಹಾಲಿ ಎಣಿಸಬೇಕಿತ್ತು. ಹುಡುಗಿಗೆ ಹತ್ತೊಂಬತ್ತು ತುಂಬುವ ಹೊತ್ತಿಗೆ 1948ರ ಪೊಲೀಸ್ ಆ್ಯಕ್ಷನ್, ಮರುವರ್ಷ ಜಹಗೀರುಗಳ ರದ್ದತಿ. 1956ರಲ್ಲಿ ಮೈಸೂರು ರಾಜ್ಯ, 1973ರಲ್ಲಿ ಕರ್ನಾಟಕ, 1997ರಲ್ಲಿ ರಾಯಚೂರಿನಿಂದ ಬೇರೆಯಾದ ಕೊಪ್ಪಳ ಜಿಲ್ಲೆ. ಇಷ್ಟೆಲ್ಲ ಆಳ್ವಿಕೆ ಬದಲಾಗುತ್ತಿದ್ದಾಗ ಅವರ ಪರದೆಯ ಮೇಲೆ ಮಾತ್ರ ರಾಮನೇ ಪಟ್ಟಕ್ಕೇರುತ್ತಿದ್ದ.

ಶಿಳ್ಳೇಕ್ಯಾತರದು ಅಲೆಮಾರಿ ಬದುಕು. ಮನೆಯೊಳಗೆ ಮರಾಠಿಯ ಸೋದರಿಯಂಥ ನುಡಿ, ಪರದೆಯ ಹಿಂದೆ ಅಚ್ಚ ಕನ್ನಡ. ಹಗಲು ಕೆರೆ, ಹೊಳೆಗಳಲ್ಲಿ ಮೀನು ಹಿಡಿಯುತ್ತಿದ್ದರು, ರಾತ್ರಿ ಗೊಂಬೆ ಆಡಿಸುತ್ತಿದ್ದರು. ಆಟದ ಕೋಡಂಗಿ ಕಿಳ್ಳೇಕ್ಯಾತ, ಅವನ ಹೆಂಡತಿ ಬಂಗಾರಕ್ಕ. ಆ ಕೋಡಂಗಿಯ ಹೆಸರೇ ಇಡೀ ಜನಾಂಗಕ್ಕೆ ಅಂಟಿಕೊಂಡಿತು. ಗಣಪತಿ, ಸರಸ್ವತಿಯರ ಸ್ತುತಿ ಮುಗಿದ ಮೇಲೆ ಈ ಜೋಡಿ ಬಂದು ಊರಗೌಡನನ್ನೂ ಬಿಡದೆ ಕಾಲೆಳೆಯುತ್ತಿತ್ತು. ಬೈಸಿಕೊಂಡವರೇ ಮೊದಲು ನಗುತ್ತಿದ್ದರು.

ನಮ್ಮ ಯಲಬುರ್ಗಾ ತಾಲ್ಲೂಕಿಗೆ ಅವರು ಬರುತ್ತಿದ್ದುದಕ್ಕೆ ಬೇರೆಯದೇ ಕಾರಣವೂ ಇತ್ತು. ತುಂಗಭದ್ರಾ ಕಾಲುವೆ ಬಂದ ಮೇಲೆ ಗಂಗಾವತಿ ಭತ್ತದ ನಾಡಾಯಿತು. ಯಲಬುರ್ಗಾ, ಕುಷ್ಟಗಿಯ ಹೊಲಗಳು ಮಾತ್ರ ಮುಗಿಲು ನೋಡುವುದನ್ನು ಬಿಡಲಿಲ್ಲ. ಮಳೆ ಕೈಕೊಟ್ಟ ವರ್ಷ ಗುಡಿಯಲ್ಲಿ ವಿರಾಟಪರ್ವ ಓದಿಸುತ್ತಿದ್ದ ಊರುಗಳೇ ಗೊಂಬೆಯವರಿಗೂ ಹೇಳಿಕಳಿಸುತ್ತಿದ್ದವು. "ಗೊಂಬಿ ಆಡಿಸಿದ್ರ ಮಳಿ ಬರ್ತೈತಿ ಅಂತಿದ್ರಪ. ಬಂದ ವರ್ಷ ಅವರಿಗೆ ಜ್ವಾಳ ಹೆಚ್ಚಿಗಿ ಅಳೀತಿದ್ವಿ, ಬರದಿದ್ರ ಇದ್ದುದ್ರಾಗ ಅಳೀತಿದ್ವಿ. ಖಾಲಿ ಕೈಲೆ ಕಳಿಸಿದ್ದಿಲ್ಲ" ಎನ್ನುತ್ತಿದ್ದಳು ನಮ್ಮಜ್ಜಿ. ಆ ಆಟ ಊರಿನ ನಂಬಿಕೆ, ಭಯ, ಲೆಕ್ಕಾಚಾರಗಳ ಜೊತೆ ಎಷ್ಟು ಹೆಣೆದುಕೊಂಡಿತ್ತು ಎಂಬುದು ನನಗೆ ತಿಳಿದದ್ದು ಅವಳ ಈ ಮಾತಿನಿಂದ.

ಗೊಂಬೆಯನ್ನು ಹತ್ತಿರದಿಂದ ನೋಡಬೇಕು. ಆಡಿನ ತೊಗಲನ್ನು ನೆನೆಸಿ, ಕೂದಲು ಹೆರೆದು, ಬಿಗಿದು ಒಣಗಿಸಿದರೆ ಬೆಳಕು ಹಾಯುವಷ್ಟು ತೆಳ್ಳಗಾಗುತ್ತದೆ. ಅದರ ಮೇಲೆ ಚಿತ್ರ ಬರೆದು, ಬಣ್ಣ ತುಂಬಿ, ಸಣ್ಣ ಉಳಿಯಿಂದ ತೂತು ಹೊಡೆಯುತ್ತಾರೆ. ಕೈಯಲ್ಲಿ ಹಿಡಿದರೆ ಅವು ಬರೀ ತೂತು. ಹಿಂದೆ ದೀಪ ಇಟ್ಟೊಡನೆ ಸೀತೆಯ ಕೊರಳಲ್ಲಿ ಸರ, ರಾವಣನ ಕಿರೀಟದಲ್ಲಿ ಹರಳು. ದೊರೆಗಳ ಗೊಂಬೆ ದೊಡ್ಡದು, ಸೇವಕರದು ಸಣ್ಣದು. ರಾಮ, ಸೀತೆ, ಲಕ್ಷ್ಮಣ, ಹನುಮಂತ ಎಲ್ಲರನ್ನೂ ಒಂದೇ ತೊಗಲಿನಲ್ಲಿ ಕೊರೆದು ಇಡೀ ಸಭೆಯನ್ನೇ ನಿಲ್ಲಿಸುವುದು ಕರ್ನಾಟಕದ ಗೊಂಬೆಗಾರರ ವೈಶಿಷ್ಟ್ಯ. ಹರಿದು ಹೋದ ಗೊಂಬೆಯನ್ನು ಎಸೆಯುವುದಿಲ್ಲ, ಹೊಳೆಗೆ ಬಿಡುತ್ತಾರೆ. ತೀರಾ ಹಳೆಯವು ಅಪರೂಪವಾಗಿರುವುದಕ್ಕೆ ಈ ಪದ್ಧತಿಯೂ ಒಂದು ಕಾರಣ. ಭೀಮವ್ವನ ಮನೆಯಲ್ಲಿ ಸುಮಾರು 200 ವರ್ಷದ ಗೊಂಬೆಗಳು ಉಳಿದಿವೆ. ಅಷ್ಟು ಬರ, ಅಷ್ಟು ಅಲೆದಾಟದ ನಡುವೆ ತೊಗಲನ್ನು ಹುಳಕ್ಕೂ ಹಸಿಗೂ ಮಾರಾಟಕ್ಕೂ ಕೊಡದೆ ಕಾಯ್ದುಕೊಂಡ ಮನೆ ಅದು.

ಹದಿನಾಲ್ಕರ ವಯಸ್ಸಿಗೆ ಭೀಮವ್ವ ಈ ಆಟಕ್ಕೆ ಬಂದರು ಎಂದು ಓದಿದ್ದೇನೆ. ಗೊಂಬೆಯಾಟದ ಮೇಳ ಎಂದರೆ ಒಂದು ಸಂಸಾರ. ಗಂಡ, ಹೆಂಡತಿ, ಮಕ್ಕಳು, ಸೊಸೆಯಂದಿರು ಎಲ್ಲರೂ ಪರದೆಯ ಹಿಂದೆ ಕೂರಬೇಕು. ಚಿಕ್ಕವನಿದ್ದಾಗ ನಮ್ಮೂರಿಗೆ ಬಂದಿದ್ದ ಇನ್ಯಾವುದೋ ಮೇಳದ ಪರದೆಯ ಹಿಂದೆ ನುಸುಳಿ ಕೂತಿದ್ದೆ. ಗೊಂಬೆ ಹಿಡಿದಿದ್ದ ಗಂಡಸರ ಬೆನ್ನ ಹಿಂದೆ ಒಬ್ಬ ಹೆಣ್ಣುಮಗಳು, ತೊಡೆಯ ಮೇಲೆ ನಿದ್ದೆ ಹೋದ ಕೂಸು, ಕೈಯಲ್ಲಿ ತಾಳ. ಸೀತೆಗೂ ಮಂಡೋದರಿಗೂ ಅವಳದೇ ದನಿ. ಗಂಡಸು ಮಾತು ತಪ್ಪಿದ ಕಡೆ ಒಂದು ಸಾಲು ಮುಂದಾಗಿ ಹಾಡಿ ಅವನನ್ನು ಕತೆಗೆ ಎಳೆದು ತರುತ್ತಿದ್ದಳು. ಕೂಸು ಮಿಸುಕಿದರೆ ತಟ್ಟುತ್ತಿದ್ದ ಕೈಯಲ್ಲೂ ಲಯ ತಪ್ಪುತ್ತಿರಲಿಲ್ಲ. ಎದುರು ಕೂತ ಜನಕ್ಕೆ ಕಾಣುತ್ತಿದ್ದುದು ಗೊಂಬೆಗಳು ಮಾತ್ರ.

ಇತಿಹಾಸ ಬರೆದವರಿಗೂ ಹೆಚ್ಚಾಗಿ ಕಂಡದ್ದು ಅಷ್ಟೇ ಎಂದು ನನ್ನ ನಂಬಿಕೆ. ಜರ್ಮನಿಯ ಫ್ರೀಡ್ರಿಕ್ ಸೆಲ್ಟ್‌ಮನ್ 1971ರಲ್ಲಿ ಮೈಸೂರು, ಆಂಧ್ರಗಳ ತೊಗಲು ಗೊಂಬೆಯ ಮೇಲೆ ದೀರ್ಘ ಲೇಖನ ಪ್ರಕಟಿಸಿದರು. ಎಂ.ಎಸ್. ನಂಜುಂಡರಾವ್ ಊರೂರು ತಿರುಗಿ ಗೊಂಬೆಗಳನ್ನು ಸಂಗ್ರಹಿಸಿ ಬೆಂಗಳೂರಿನ ಚಿತ್ರಕಲಾ ಪರಿಷತ್ತಿನಲ್ಲಿ ಉಳಿಸಿದರು. ಅವರು ಇಲ್ಲದಿದ್ದರೆ ಎಷ್ಟೋ ಗೊಂಬೆಗಳು ಹಾಳಾಗುತ್ತಿದ್ದವು. ಆ ಉಪಕಾರ ದೊಡ್ಡದು. ಆದರೆ ಗಾಜಿನ ಪೆಟ್ಟಿಗೆಯೊಳಗೆ ತೊಗಲನ್ನು ಇಡಬಹುದು, ಬೆಳಗಿನ ತನಕ ಓಡುವ ಕತೆಯನ್ನು ಇಡಲಾಗದು. ಅದು ಇದ್ದದ್ದು ಅಕ್ಷರದ ಹಂಗಿಲ್ಲದೆ ಬಾಯಿಂದ ಬಾಯಿಗೆ ಕಲಿತು ಕಲಿಸಿದ ಹಿರಿಯರ ನೆನಪಿನಲ್ಲಿ, ಅದರಲ್ಲೂ ಹೆಂಗಸರ ನೆನಪಿನಲ್ಲಿ. ಅಂಥ ಒಬ್ಬರು ಮುಂದೆ ಬಂದು ಅಮೆರಿಕ, ಫ್ರಾನ್ಸ್, ಇಟಲಿ, ಇರಾನ್ ಸೇರಿ 12ಕ್ಕೂ ಹೆಚ್ಚು ದೇಶಗಳಲ್ಲಿ ರಾಮಾಯಣ, ಮಹಾಭಾರತ ಆಡಿಸಿ ಬಂದರು, ಅಷ್ಟು ವರ್ಷ ಬಾಳಿದರು ಎಂಬುದು ನಮ್ಮ ಜಿಲ್ಲೆಯ ಭಾಗ್ಯ.

ಈಗ ವೇದಿಕೆಯ ಮೇಲೆ ಅರ್ಧ ಗಂಟೆ, ಹೆಚ್ಚೆಂದರೆ ಒಂದು ಗಂಟೆ ಕೊಡುತ್ತಾರೆ. ಎಣ್ಣೆ ದೀಪದ ಜಾಗಕ್ಕೆ ಬಲ್ಬು ಬಂದಿದೆ, ಅದಕ್ಕೆ ನನ್ನ ತಕರಾರಿಲ್ಲ. ಅರ್ಧ ಗಂಟೆಯಲ್ಲಿ ಮಾತ್ರ ಲಂಕಾದಹನವಷ್ಟೇ ಸಿಗುತ್ತದೆ, ಮಂಡೋದರಿ ಬಾಯಿ ಬಿಡುವುದರೊಳಗೆ ಮೈಕು ಬಂದ್. ಭೀಮವ್ವನ ಮನೆತನ ಆಟ ಬಿಟ್ಟಿಲ್ಲ. ನಮ್ಮ ತಾಲ್ಲೂಕಿನ ಜಾತ್ರೆ ಕಮಿಟಿಯವರು ಆರ್ಕೆಸ್ಟ್ರಾಕ್ಕೆ ತೆಗೆದಿಡುವ ಹಣದಲ್ಲಿ ಒಂದು ರಾತ್ರಿ ಮೇಳ ಕರೆಸಲಿ. ಕೋಳಿ ಕೂಗುವ ತನಕ ಆಡಿಸಲು ಬಿಡಲಿ. ಯಾರಾದರೂ ಹುಡುಗರು ಮೊಬೈಲು ಹಿಡಿದು ಪರದೆಯ ಹಿಂದುಗಡೆ, ಹೆಂಗಸರು ಕೂತ ಮಗ್ಗುಲಿಗೆ ಹೋಗಿ ಕೂತು, ಅವರ ಅಪ್ಪಣೆ ಪಡೆದು, ಹಾಡೆಲ್ಲ ತುಂಬಿಕೊಳ್ಳಲಿ.