ಸ್ಯಾಟರ್ಡೇ ನೈಟ್ ಲೈವ್: ಐವತ್ತು ವರ್ಷಗಳ ಏಳುಬೀಳು

'ಸ್ಯಾಟರ್ಡೇ ನೈಟ್ ಲೈವ್' ಅಮೆರಿಕದ ಎನ್‌ಬಿಸಿ ವಾಹಿನಿಯಲ್ಲಿ 1975ರ ಅಕ್ಟೋಬರ್ 11ರಂದು ಆರಂಭವಾದ ಹಾಸ್ಯ ಕಾರ್ಯಕ್ರಮ. ನ್ಯೂಯಾರ್ಕಿನ ರಾಕ್‌ಫೆಲ್ಲರ್ ಸೆಂಟರಿನ 8ಎಚ್ ಸ್ಟುಡಿಯೋದಿಂದ ಶನಿವಾರ ರಾತ್ರಿ 11.30ಕ್ಕೆ 90 ನಿಮಿಷ ನೇರವಾಗಿ ಪ್ರಸಾರವಾಗುತ್ತದೆ. ಅದಕ್ಕೂ ಮೊದಲು ಆ ಹೊತ್ತಿನಲ್ಲಿ ಜಾನಿ ಕಾರ್ಸನ್ ಅವರ 'ಟುನೈಟ್ ಶೋ'ದ ಹಳೆಯ ಕಂತುಗಳು ಬರುತ್ತಿದ್ದವು. ಅವನ್ನು ವಾರದ ನಡುವಿನ ದಿನಗಳಿಗೆ ಇಟ್ಟುಕೊಳ್ಳಬೇಕೆಂದು ಕಾರ್ಸನ್ ಬಯಸಿದ್ದರಿಂದ ತೆರವಾದ ಜಾಗವನ್ನು ತುಂಬುವ ಕೆಲಸವನ್ನು ಕೆನಡಾ ಮೂಲದ ಯುವ ನಿರ್ಮಾಪಕ ಲಾರ್ನ್ ಮೈಕೆಲ್ಸ್ ಅವರಿಗೆ ವಹಿಸಲಾಯಿತು.

ಕಾರ್ಯಕ್ರಮದ ಗುಣಮಟ್ಟ ಏರಿಳಿಯುವುದಕ್ಕೆ ಅದರ ತಯಾರಿಯ ಕ್ರಮವೇ ಒಂದು ಕಾರಣ. ಸೋಮವಾರ ಅತಿಥಿ ನಿರೂಪಕರ ಮುಂದೆ ವಿಷಯಗಳ ಪ್ರಸ್ತಾಪ, ಮಂಗಳವಾರ ರಾತ್ರಿಯಿಡೀ ಬರವಣಿಗೆ, ಬುಧವಾರ ಎಲ್ಲರೂ ಕೂತು ಓದು. ಆಯ್ಕೆಯಾದ ಕಿರುಪ್ರಹಸನಗಳಿಗೆ ಉಳಿದ ದಿನಗಳಲ್ಲಿ ರಂಗಸಜ್ಜು ಮತ್ತು ತಾಲೀಮು. ಶನಿವಾರ ಸಂಜೆ ಪ್ರೇಕ್ಷಕರೆದುರು ಪೂರ್ಣ ತಾಲೀಮು ನಡೆದು, ನಗು ಹುಟ್ಟಿಸದವು ಅಲ್ಲಿಗೇ ಬಿದ್ದುಹೋಗುತ್ತವೆ. ತಿದ್ದಿ ತೀಡಲು ಸಮಯವಿಲ್ಲದ ಈ ಪದ್ಧತಿಯಲ್ಲಿ ಒಂದೇ ರಾತ್ರಿ ಅತ್ಯುತ್ತಮವಾದದ್ದೂ ತೀರಾ ಸಪ್ಪೆಯಾದದ್ದೂ ಅಕ್ಕಪಕ್ಕದಲ್ಲೇ ಬರುವುದು ಸಹಜ.

ಮೊದಲ ಐದು ವರ್ಷಗಳನ್ನು ಕಾರ್ಯಕ್ರಮದ ಸುವರ್ಣಕಾಲ ಎನ್ನುವವರು ಹೆಚ್ಚು. ಡ್ಯಾನ್ ಅಕ್ರಾಯ್ಡ್, ಜಾನ್ ಬೆಲೂಶಿ, ಗಿಲ್ಡಾ ರಾಡ್ನರ್, ಜೇನ್ ಕರ್ಟಿನ್ ಮುಂತಾದವರು ಆಗ ಟಿವಿಗೆ ಹೊಸಬರು. ಆದರೆ ಅವರಲ್ಲಿ ಹಲವರು 'ಸೆಕೆಂಡ್ ಸಿಟಿ'ಯಂಥ ರಂಗತಂಡಗಳಲ್ಲಿ, ಸ್ಥಳದಲ್ಲೇ ಮಾತು ಹೊಸೆದು ಆಡುವ ಕಲೆಯಲ್ಲಿ ಪಳಗಿದ್ದರು. ಮೊದಲ ವರ್ಷದ ತಾರೆ ಚೆವಿ ಚೇಸ್ ಎರಡನೇ ವರ್ಷವೇ ಹೊರಟಾಗ, 1977ರ ಆರಂಭದಲ್ಲಿ ಬಿಲ್ ಮರ್ರಿ ಬಂದು ಸೇರಿದರು. ಒಬ್ಬರು ಹೋಗಿ ಒಬ್ಬರು ಬಂದರೂ ತಂಡದ ಹೊಂದಾಣಿಕೆ ಕೆಡಲಿಲ್ಲ.

1980ರಲ್ಲಿ ಮೈಕೆಲ್ಸ್ ಹೊರಟರು. ಅವರ ಹಿಂದೆಯೇ ಕಲಾವಿದರು, ಬರಹಗಾರರೂ ಹೊರಟರು. ಹೊಸ ನಿರ್ಮಾಪಕಿ ಜೀನ್ ಡೂಮೇನಿಯನ್ ಅಲ್ಪ ಅವಧಿಯಲ್ಲಿ ಎಲ್ಲವನ್ನೂ ಹೊಸದಾಗಿ ಕಟ್ಟಬೇಕಾಯಿತು. ಆ ಪ್ರಯತ್ನ ನೆಲಕಚ್ಚಿತು. 12 ಕಂತುಗಳ ಬಳಿಕ ಅವರನ್ನು ತೆಗೆದು ಡಿಕ್ ಎಬರ್ಸಾಲ್ ಅವರನ್ನು ನೇಮಿಸಲಾಯಿತು. ಎಬರ್ಸಾಲ್ ಹಳೆಯ ತಂಡದಿಂದ ಉಳಿಸಿಕೊಂಡವರಲ್ಲಿ ಹತ್ತೊಂಬತ್ತರ ಹರೆಯದ ಎಡ್ಡಿ ಮರ್ಫಿ ಒಬ್ಬರು. ಮುಂದಿನ ವರ್ಷಗಳಲ್ಲಿ ಕಾರ್ಯಕ್ರಮ ಬದುಕುಳಿದದ್ದು ಬಹುಮಟ್ಟಿಗೆ ಮರ್ಫಿಯವರ ಪ್ರತಿಭೆಯಿಂದ.

1985ರಲ್ಲಿ ಮರಳಿದ ಮೈಕೆಲ್ಸ್ ಕೂಡ ಅದೇ ಕುಣಿಯಲ್ಲಿ ಬಿದ್ದರು. ಹಿಂದಿನವರನ್ನೆಲ್ಲ ಬಿಟ್ಟು ರಾಬರ್ಟ್ ಡೌನಿ ಜೂನಿಯರ್, ಆಂಟನಿ ಮೈಕೆಲ್ ಹಾಲ್, ಜೋನ್ ಕ್ಯೂಸಾಕ್ ಅವರಂಥ ಯುವ ಸಿನಿಮಾ ನಟರನ್ನು ತಂದರು. ಒಳ್ಳೆಯ ನಟರಾದರೂ ಪ್ರಹಸನದ ಲಯ ಅವರಿಗೆ ಒಗ್ಗಲಿಲ್ಲ. ಕಾರ್ಯಕ್ರಮ ನಿಲ್ಲುವ ಹಂತ ತಲುಪಿತು. ಮರುವರ್ಷ ಜಾನ್ ಲೋವಿಟ್ಜ್, ನೋರಾ ಡನ್, ಡೆನಿಸ್ ಮಿಲ್ಲರ್ ಅವರನ್ನು ಉಳಿಸಿಕೊಂಡು ಫಿಲ್ ಹಾರ್ಟ್‌ಮನ್, ಡಾನಾ ಕಾರ್ವಿ, ಜ್ಯಾನ್ ಹುಕ್ಸ್, ಕೆವಿನ್ ನೀಲನ್ ಅವರನ್ನು ಸೇರಿಸಿದಾಗ ಚೇತರಿಕೆ ಕಂಡಿತು. ಯಾವ ಪಾತ್ರಕ್ಕೂ ಒಗ್ಗಿಕೊಂಡು ಇತರರ ನಟನೆಗೂ ಆಸರೆಯಾಗುತ್ತಿದ್ದ ಹಾರ್ಟ್‌ಮನ್ ಎಂಟು ವರ್ಷ ಉಳಿದದ್ದು ತಂಡಕ್ಕೆ ದೊಡ್ಡ ಬಲ.

ಹಾರ್ಟ್‌ಮನ್ 1994ರಲ್ಲಿ ಹೊರಟ ಮೇಲೆ ಮತ್ತೆ ಇಳಿತ. ಆ ವರ್ಷದ ತಂಡ ದೊಡ್ಡದಿದ್ದರೂ ಪ್ರಹಸನಗಳು ಎಳೆದಾಡಿದಂತಿದ್ದವು. ಪತ್ರಿಕೆಗಳು ಕಟುವಾಗಿ ಟೀಕಿಸಿದವು. 1995ರಲ್ಲಿ ಆ್ಯಡಮ್ ಸ್ಯಾಂಡ್ಲರ್, ಕ್ರಿಸ್ ಫಾರ್ಲಿ ಸೇರಿ ಹಲವರು ಹೊರಗಾದರು. ಆದರೆ ನಾರ್ಮ್ ಮ್ಯಾಕ್‌ಡೊನಾಲ್ಡ್, ಟಿಮ್ ಮೆಡೋಸ್, ಮಾಲಿ ಶ್ಯಾನನ್ ಉಳಿದರು. ಲಾಸ್ ಏಂಜಲೀಸ್‌ನ 'ಗ್ರೌಂಡ್ಲಿಂಗ್ಸ್' ರಂಗತಂಡದಿಂದ ವಿಲ್ ಫೆರೆಲ್, ಚೆರಿ ಓಟೆರಿ ಬಂದರು. 1999ರಲ್ಲಿ ಟೀನಾ ಫೇ ಮುಖ್ಯ ಬರಹಗಾರ್ತಿಯಾದರು. ಆ ಹುದ್ದೆಗೇರಿದ ಮೊದಲ ಮಹಿಳೆ ಅವರು. ಬರವಣಿಗೆಗೂ ಹೊಸ ಹುರುಪು ಬಂತು.

2005ರ ಡಿಸೆಂಬರ್‌ನಲ್ಲಿ ಬಂದ 'ಲೇಜಿ ಸಂಡೇ' ಕಿರುಚಿತ್ರ ಯೂಟ್ಯೂಬ್‌ನಲ್ಲಿ ಹಬ್ಬಿದಾಗಿನಿಂದ ನೋಡುವ ರೀತಿಯೂ ಬದಲಾಯಿತು. ಪೂರ್ಣ ಕಂತಿನ ಬದಲು ಬಿಡಿ ತುಣುಕುಗಳು ಜನರನ್ನು ತಲುಪತೊಡಗಿದವು. 2008ರಲ್ಲಿ ಫೇ ಮಾಡಿದ, ಉಪಾಧ್ಯಕ್ಷ ಸ್ಥಾನದ ಅಭ್ಯರ್ಥಿ ಸಾರಾ ಪೇಲಿನ್ ಅವರ ಅಣಕ ಚುನಾವಣಾ ಚರ್ಚೆಯ ಭಾಗವೇ ಆಯಿತು. 2016ರಿಂದ ಅಲೆಕ್ ಬಾಲ್ಡ್ವಿನ್ ಟ್ರಂಪ್ ಪಾತ್ರದಲ್ಲಿ ಬಂದಾಗ ವೀಕ್ಷಕರು ಹೆಚ್ಚಿದರು, 2017ರಲ್ಲಿ ಎಮ್ಮಿ ಪ್ರಶಸ್ತಿಯೂ ಬಂತು. ಹೆಸರಾಂತ ಅತಿಥಿಗಳು ರಾಜಕೀಯ ಪ್ರಹಸನಗಳನ್ನು ಆವರಿಸಿ, ತಂಡದ ಸ್ವಂತ ಕಲಾವಿದರಿಗೆ ಅವಕಾಶ ತಗ್ಗಿತೆಂಬ ಟೀಕೆಯೂ ಜೊತೆಗೇ ಬಂತು.

2025ರ ಫೆಬ್ರುವರಿಯಲ್ಲಿ ಐವತ್ತನೇ ವರ್ಷದ ವಿಶೇಷ ಕಾರ್ಯಕ್ರಮ ನಡೆಯಿತು. ಪ್ರತಿ ತಲೆಮಾರಿನ ವೀಕ್ಷಕರಿಗೂ ತಮ್ಮ ಹರೆಯದಲ್ಲಿ ಕಂಡ ತಂಡವೇ ಶ್ರೇಷ್ಠ. ಆ ಮಮತೆಯನ್ನು ಬದಿಗಿಟ್ಟು ನೋಡಿದರೆ, ಇದು ಒಂದೇ ಸಮನೆ ಕುಸಿದ ಕಾರ್ಯಕ್ರಮವಲ್ಲ. ತಂಡವನ್ನು ಬುಡಸಮೇತ ಬದಲಿಸಿದ 1980 ಮತ್ತು 1985ರಲ್ಲಿ ಅದು ಸೋತಿತು. ಅನುಭವಿಗಳ ನಡುವೆ ರಂಗಭೂಮಿಯಲ್ಲಿ ಪಳಗಿದ ಹೊಸಬರನ್ನು ಬೆಳೆಸಿದ 1986 ಮತ್ತು 1995ರಲ್ಲಿ ಗೆದ್ದಿತು.