ಸಿಥಿಯನ್ ಕಂಚಿನ ಬಾಣಮೊನೆಗಳ ಲೋಹ ವಿಶ್ಲೇಷಣೆ

ಕ್ರಿ.ಪೂ. 7ರಿಂದ 3ನೆಯ ಶತಮಾನದವರೆಗೆ ಕಪ್ಪು ಸಮುದ್ರದ ಉತ್ತರದ ಹುಲ್ಲುಗಾವಲುಗಳಲ್ಲಿ ಪ್ರಬಲರಾಗಿದ್ದ ಸಿಥಿಯನ್ ಅಲೆಮಾರಿಗಳ ಬಾಣಮೊನೆಗಳಲ್ಲಿ ಯಾವ ಲೋಹ ಎಷ್ಟು ಬೆರೆತಿದೆ ಎಂಬುದನ್ನು ಪತ್ತೆಮಾಡುವ ಅಧ್ಯಯನ. ಸಿಥಿಯನ್ನರ ಪೂರ್ವದ ಬಂಧುಗಳಾದ ಶಕರ ಹೆಸರು ನಮ್ಮ ಪಂಚಾಂಗದ ಶಕವರ್ಷದಲ್ಲಿ ಉಳಿದುಬಂದಿದೆ.

ಈ ಮೊನೆಗಳು ತೀರ ಚಿಕ್ಕವು. ಉದ್ದ ಎರಡು ಮೂರು ಸೆಂಟಿಮೀಟರ್, ತೂಕ ಕೆಲವೇ ಗ್ರಾಂ. ಮೊದಮೊದಲು ಎರಡಲಗಿನವು ಹೆಚ್ಚು; ಆಮೇಲೆ ಮೂರಲಗಿನವು ಎಲ್ಲೆಡೆ ಹರಡಿದವು. ಬುಡದಲ್ಲಿ ಬಾಣದ ಕಡ್ಡಿ ಕೂರುವ ಕೊಳವೆ, ಕೆಲವಕ್ಕೆ ಅದರ ಪಕ್ಕದಲ್ಲೊಂದು ಕೊಕ್ಕೆಮುಳ್ಳು. ಹಲವು ತುಂಡುಗಳ ಅಚ್ಚಿನಲ್ಲಿ ಎರಕ ಹೊಯ್ದು ಇವನ್ನು ಮಾಡುತ್ತಿದ್ದರು. ಅಚ್ಚಿನ ತುಂಡುಗಳು ಕೂಡಿದ ಗೆರೆ ಕೆಲವು ಮೊನೆಗಳ ಮೇಲೆ ಈಗಲೂ ಕಾಣುತ್ತದೆ.

ಹಳೆಯ ಲೋಹವನ್ನು ರಾಸಾಯನಿಕವಾಗಿ ಪರೀಕ್ಷಿಸುವ ಪದ್ಧತಿ 18ನೆಯ ಶತಮಾನದ ಕೊನೆಯಲ್ಲಿ ಬರ್ಲಿನ್ನಿನ ಮಾರ್ಟಿನ್ ಕ್ಲಾಪ್ರೋತ್, ಲಂಡನ್ನಿನ ಜಾರ್ಜ್ ಪಿಯರ್‌ಸನ್ ಮೊದಲಾದವರಿಂದ ಬೆಳೆಯಿತು. ರಷ್ಯನ್ ಸಾಮ್ರಾಜ್ಯದ ಡೋರ್ಪಾಟ್ ವಿಶ್ವವಿದ್ಯಾಲಯದ ಫ್ರೀಡೆಮಾನ್ ಗೋಬೆಲ್ 1842ರಲ್ಲಿ ಇನ್ನೂ ಮುಂದೆ ಹೋಗಿ, ಕಂಚಿನ ಮಿಶ್ರಣದಿಂದಲೇ ಪ್ರಾಚೀನ ಜನಾಂಗಗಳನ್ನು ಗುರುತಿಸಬಹುದೆಂದು ವಾದಿಸಿದ. ಅದು ಅತಿಯಾದ ಭರವಸೆ. ಆದರೂ ಮುಂದಿನ ನೂರು ವರ್ಷ ಸಂಶೋಧಕರನ್ನು ನಡೆಸಿದ್ದು ಅದೇ. ಆಮ್ಲದಲ್ಲಿ ಕರಗಿಸಿ ತೂಗುವ ಅಂದಿನ ವಿಧಾನಕ್ಕೆ ಸಾಕಷ್ಟು ಲೋಹ ಬೇಕು. ಬಾಣಮೊನೆಯಂಥ ಪುಟ್ಟ ವಸ್ತುವನ್ನು ಪರೀಕ್ಷಿಸುವುದೆಂದರೆ ಅದರ ಬಹುಭಾಗವನ್ನು ಕಳೆದುಕೊಳ್ಳುವುದೆಂದೇ ಆಗುತ್ತಿತ್ತು.

1930ರ ದಶಕದಲ್ಲಿ ಬಳಕೆಗೆ ಬಂದ ರೋಹಿತ ವಿಶ್ಲೇಷಣೆಗೆ ಚಿಟಿಕೆಯಷ್ಟು ಲೋಹದ ಪುಡಿ ಸಾಕಾಯಿತು. ಎರಡನೆಯ ಮಹಾಯುದ್ಧದ ನಂತರ ಸ್ಟುಟ್‌ಗಾರ್ಟ್‌ನ ಯೋಜನೆಯೊಂದು ಯುರೋಪಿನ ಸುಮಾರು 22,000 ಪ್ರಾಚೀನ ವಸ್ತುಗಳನ್ನು ಹೀಗೆ ಪರೀಕ್ಷಿಸಿತು. ಮಾಸ್ಕೋದಲ್ಲಿ ಯೆವ್ಗೆನಿ ಚೆರ್ನಿಖ್ ಇದೇ ಕೆಲಸವನ್ನು ಯುರೇಷ್ಯಾದ ಉದ್ದಗಲಕ್ಕೂ ಒಯ್ದರು. ಸಿಥಿಯನ್ ಬಾಣಮೊನೆಗಳಿಗೆ ಆಕಾರ ಮತ್ತು ಕಾಲದ ಪ್ರಕಾರ ವರ್ಗೀಕರಣ ಒದಗಿಸಿದ್ದು ಅನ್ನಾ ಮೆಲ್ಯುಕೋವಾ ಅವರ 1964ರ ಗ್ರಂಥ. ತತ್ಯಾನಾ ಬಾರ್ತ್ಸೆವಾ 1981ರಲ್ಲಿ ನೀಪರ್ ಎಡದಂಡೆಯ ಅರಣ್ಯ-ಹುಲ್ಲುಗಾವಲು ಪ್ರದೇಶದ ಸಿಥಿಯನ್ ಕಾಲದ ತಾಮ್ರ, ಕಂಚುಗಳ ಬಗ್ಗೆಯೇ ಒಂದು ಗ್ರಂಥ ಪ್ರಕಟಿಸಿದರು. ಇವೆರಡನ್ನೂ ಜೊತೆಗಿಟ್ಟುಕೊಂಡು ಓದಬೇಕು: ಯಾವ ಮೊನೆ ಯಾವ ಕಾಲದ್ದೆಂದು ಗೊತ್ತಿಲ್ಲದೆ ಶೇಕಡಾವಾರು ಅಂಕಿ ಏನನ್ನೂ ಹೇಳಲಾರದು.

ಶುದ್ಧ ತಾಮ್ರ ಕರಗಲು 1085 ಡಿಗ್ರಿ ಸೆಲ್ಸಿಯಸ್ ಕಾವು ಬೇಕು. ತವರ ಬೆರೆತರೆ ಅಷ್ಟು ಬೇಡ, ಗಡಸುತನವೂ ಬರುತ್ತದೆ. ಸೀಸದ ಕೆಲಸ ಬೇರೆ. ಅದು ತಾಮ್ರದಲ್ಲಿ ಲೀನವಾಗುವುದಿಲ್ಲ. ಮೊನೆಯೊಂದನ್ನು ಉಜ್ಜಿ ಸೂಕ್ಷ್ಮದರ್ಶಕದಡಿ ಇಟ್ಟರೆ ಕಂಚಿನ ಹರಳುಗಳ ನಡುವೆ ಕಪ್ಪು ಬೊಟ್ಟುಗಳಾಗಿ ಚದುರಿರುವುದು ಕಾಣುತ್ತದೆ. ಆದರೆ ಸೀಸ ಸೇರಿದ ಎರಕ ಅಚ್ಚಿನ ಸಂದಿಗೊಂದಿಗೆಲ್ಲ ಸಲೀಸಾಗಿ ಹರಿಯುತ್ತದೆ, ತೆಳುವಾದ ಅಲಗೂ ಪೂರ್ತಿ ತುಂಬುತ್ತದೆ, ದುಬಾರಿ ತವರವೂ ಉಳಿಯುತ್ತದೆ. ಒಮ್ಮೆ ಬಿಟ್ಟರೆ ಮರಳಿ ಕೈಸೇರುವ ಖಾತ್ರಿಯಿಲ್ಲದ ಆಯುಧಕ್ಕೆ ಇದಕ್ಕಿಂತ ಸೂಕ್ತವಾದ ಲೋಹ ಬೇಡ. ಪೂರ್ವಕ್ಕೆ, ಸೈಬೀರಿಯಾದ ಮಿನುಸಿನ್ಸ್ಕ್ ಮತ್ತು ತುವಾ ಕಡೆಗೆ ಸಾಗಿದಂತೆ ಆರ್ಸೆನಿಕ್ ಬೆರೆತ ತಾಮ್ರ ಹೆಚ್ಚು ಸಿಗುತ್ತದೆ.

ಅದಿರಿನ ಮೂಲ ಹುಡುಕುವವರಿಗೆ ದೊಡ್ಡ ತೊಡಕು ಮರುಬಳಕೆ. ಅರಿಯಾಂತಸ್ ಎಂಬ ರಾಜ ಜನಗಣತಿಗಾಗಿ ಪ್ರತಿಯೊಬ್ಬ ಸಿಥಿಯನ್ನನಿಂದ ಒಂದೊಂದು ಬಾಣಮೊನೆ ತರಿಸಿಕೊಂಡು, ಆ ರಾಶಿಯಿಂದ ಆರು ಬೆರಳು ದಪ್ಪದ, 600 ಆಂಫೊರಾ (ಗ್ರೀಕರ ದ್ರವದ ಅಳತೆ) ಹಿಡಿಸುವ ಕಡಾಯಿ ಮಾಡಿಸಿದನೆಂದು ಗ್ರೀಕ್ ಇತಿಹಾಸಕಾರ ಹೆರೊಡೋಟಸ್ ಬರೆದಿದ್ದಾನೆ. ಅಳತೆಯಲ್ಲಿ ಉತ್ಪ್ರೇಕ್ಷೆ ಇರಬಹುದು. ಹಳೆಯ ಮೊನೆಗಳನ್ನು ಕರಗಿಸಿ ಹೊಸ ವಸ್ತು ಎರೆಯುವ ರೂಢಿ ಮಾತ್ರ ನಂಬುವಂಥದ್ದೇ. ಹೀಗೆ ಮತ್ತೆ ಮತ್ತೆ ಕರಗಿದ ಲೋಹದಲ್ಲಿ ಆರ್ಸೆನಿಕ್ ಹಬೆಯಾಗಿ ಕಡಿಮೆಯಾಗುತ್ತದೆ, ಬೇರೆ ಬೇರೆ ಗಣಿಗಳ ತಾಮ್ರ ಒಂದಾಗುತ್ತದೆ. ಲೋಹ ಯಾವ ಗಣಿಯದೆಂದು ಗುರುತಿಸಲು 1960ರ ದಶಕದಿಂದ ಬೆಳೆದ ಸೀಸದ ಐಸೊಟೋಪ್ ವಿಧಾನವೂ ಇಲ್ಲಿ ಎಡವುತ್ತದೆ. ಕರಗಿಸುವುದರಿಂದ ಐಸೊಟೋಪ್‌ಗಳ ಅನುಪಾತ ಬದಲಾಗುವುದಿಲ್ಲ, ನಿಜ. ಆದರೆ ಎರಕದವನು ಬೇಕೆಂದೇ ಸೀಸ ಸೇರಿಸಿದ್ದರೆ ಸಿಗುವುದು ಆ ಸೀಸದ ಗಣಿಯ ಸುಳಿವು, ತಾಮ್ರದ ಗಣಿಯದ್ದಲ್ಲ.

ಕೈಯಲ್ಲಿ ಹಿಡಿಯುವ ಎಕ್ಸ್-ರೇ ಪ್ರತಿದೀಪ್ತಿ ಉಪಕರಣ ಬಂದ ಮೇಲೆ ವಸ್ತುವಿಗೆ ಗೀರೂ ಬೀಳದಂತೆ ನೂರಾರು ಮೊನೆಗಳನ್ನು ಅಳೆಯಬಹುದಾಗಿದೆ. ಆದರೆ ಅದು ನೋಡುವುದು ಮೇಲ್ಪದರವನ್ನಷ್ಟೇ. ಮಣ್ಣಿನಲ್ಲಿದ್ದ ಕಂಚಿನ ಮೈಯಿಂದ ತಾಮ್ರ ಸೋರಿಹೋಗಿ ತವರ ಉಳಿದಿರುವುದರಿಂದ, ಕಿಲುಬಿನ ಮೇಲೆ ಹಿಡಿದರೆ ತವರದ ಪ್ರಮಾಣ ನಿಜಕ್ಕಿಂತ ಹೆಚ್ಚಾಗಿ ಕಾಣುತ್ತದೆ. ಒಂದು ಮೂಲೆಯಲ್ಲಾದರೂ ಕಿಲುಬು ತೆಗೆಯದೆ ಕೊಟ್ಟ ಅಂಕಿಗಳನ್ನು ಎಚ್ಚರದಿಂದ ಬಳಸಬೇಕು.

ಈ ಉಪಕರಣದ ಒಳ್ಳೆಯ ಬಳಕೆ ಕಂಡದ್ದು ಸಿಥಿಯನ್ನರಲ್ಲಲ್ಲ, ಚೀನಾದ ಶಿಆನ್‌ನಲ್ಲಿ. ಚಿನ್ ಚಕ್ರವರ್ತಿಯ ಮಣ್ಣಿನ ಸೈನಿಕರ ಜೊತೆ ಸಿಕ್ಕ ಬಾಣದ ಕಟ್ಟುಗಳನ್ನು ಪರೀಕ್ಷಿಸಿದಾಗ ಒಂದೊಂದು ಕಟ್ಟಿನ ಮೊನೆಗಳ ಮಿಶ್ರಣ ಒಂದೇ ಥರ ಇದ್ದು, ಕಟ್ಟಿನಿಂದ ಕಟ್ಟಿಗೆ ಬೇರೆಯಾಗಿತ್ತು. ಅಂದರೆ ಒಂದು ಕುಲುಮೆಯ ಎರಕ ನೇರವಾಗಿ ಒಂದು ಕಟ್ಟಿಗೆ ಹೋಗುತ್ತಿತ್ತು. ಸಿಥಿಯನ್ ಸಮಾಧಿ ದಿಬ್ಬಗಳ ಬತ್ತಳಿಕೆಗಳಿಗೂ ಇದೇ ಪ್ರಶ್ನೆ ಹಾಕಬಹುದು: ಇವು ಒಂದೇ ಸಲ ಎರೆದವೋ, ಅಲ್ಲಲ್ಲಿ ಕೂಡಿಸಿದವೋ? ಅದಕ್ಕೆ ಬತ್ತಳಿಕೆಯ ಮೊನೆಗಳು ಚದುರದೆ ಒಟ್ಟಿಗೆ ಉಳಿದಿರಬೇಕು. ದಿಬ್ಬಗಳನ್ನು ಕದ್ದು ಅಗೆದು, ಬಿಡಿ ಬಿಡಿಯಾಗಿ ಪುರಾತನ ವಸ್ತುಗಳ ಮಾರುಕಟ್ಟೆಗೆ ಬಂದ ಮೊನೆಗಳಿಂದ ಈ ಉತ್ತರ ಸಿಗುವುದಿಲ್ಲ.