ಬೇಕರಿಯ ಫಲಕ, ಪೊಟ್ಟಣದ ಚೀಟಿ

ನಮ್ಮ ನಾಡಿನ ಊರೂರಲ್ಲಿ ನೀವು 'ಅಯ್ಯಂಗಾರ್ ಬೇಕರಿ' ಎಂಬ ಫಲಕವನ್ನು ಕಂಡಿದ್ದೀರಿ. ಆ ಎರಡು ಪದಗಳು ಬಹುಕಾಲ ಗಿರಾಕಿಗೆ ಹೇಳುತ್ತಿದ್ದುದು ಇಷ್ಟೆ: ಇಲ್ಲಿನ ತಿನಿಸಿಗೆ ಮೊಟ್ಟೆ ಹಾಕಿಲ್ಲ. ಹೆಸರೇ ಮಾತು ಕೊಟ್ಟಂತೆ.

ಹಾಸನ ಸೀಮೆಯ ಎಚ್. ಎಸ್. ತಿರುಮಲಾಚಾರ್ ಅವರು 1898ರಲ್ಲಿ ಬೆಂಗಳೂರಿನ ಚಿಕ್ಕಪೇಟೆಯಲ್ಲಿ ಬಿ. ಬಿ. ಬೇಕರಿಯನ್ನು ತೆರೆದರು. ಸಿಹಿತಿಂಡಿ ಮಾರುತ್ತಿದ್ದ ಅವರಿಗೆ ಆಂಗ್ಲ ಗಿರಾಕಿಯೊಬ್ಬ ಬ್ರೆಡ್ ಮಾಡುವ ವಿದ್ಯೆಯನ್ನು ಕಲಿಸಿದನೆಂದು ಹೇಳುತ್ತಾರೆ. ಮುಂದೆ ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣಗಳ ಕಡೆಯ ಕುಟುಂಬಗಳು ಒಂದರ ಹಿಂದೊಂದು ಈ ಕಸುಬಿಗೆ ಇಳಿದವು. ನೆಂಟರ ಬೇಕರಿಯಲ್ಲಿ ದುಡಿದು ಕಲಿತವರು ಬೇರೆ ಊರಿನಲ್ಲಿ ತಮ್ಮದೇ ಒಲೆ ಹೂಡಿದರು. ಸಂಶಯ ಬಂದರೆ ಕೇಳಲು ಮಾಡಿದವನೇ ಎದುರಿಗಿರುತ್ತಿದ್ದ.

ಆದರೆ ಫಲಕ ಹೇಳುತ್ತಿದ್ದುದು ಮೊಟ್ಟೆಯೊಂದರ ವಿಷಯ ಮಾತ್ರ. ಬನ್ನಿನಲ್ಲಿ ಗೋಧಿ, ಬೆಣ್ಣೆ ಬಿಸ್ಕತ್ತಿನಲ್ಲಿ ಹಾಲಿನ ಅಂಶ, 'ಕಾಂಗ್ರೆಸ್'ನಲ್ಲಿ ಕಡಲೆಕಾಯಿ ಬೀಜ ಇದ್ದೇ ಇವೆ. ಇವು ಬಹುಜನರಿಗೆ ಆಹಾರ, ಕೆಲವರಿಗೆ ಅಪಾಯ. ದೇಹ ಒಂದು ಪದಾರ್ಥವನ್ನು ಶತ್ರುವೆಂದು ಬಗೆದು ಹೋರಾಡುವುದೇ ಅಲರ್ಜಿ. ಈ ಪದವನ್ನು 1906ರಲ್ಲಿ ಬಳಕೆಗೆ ತಂದವರು ವಿಯೆನ್ನಾದ ವೈದ್ಯ ಕ್ಲೆಮೆನ್ಸ್ ಫಾನ್ ಪಿರ್ಕೆ. ಅಲರ್ಜಿ ತೀವ್ರವಾದರೆ ಚಿಟಿಕೆಯಷ್ಟು ಪುಡಿಯೂ ಉಸಿರು ಕಟ್ಟಿಸಬಲ್ಲದು.

ಇದು ಕಲಬೆರಕೆಯಲ್ಲ ಎಂಬುದನ್ನು ಗಮನಿಸಿ. ಪದಾರ್ಥ ಶುದ್ಧವೇ, ಅದು ಇದೆಯೆಂದು ತಿಳಿಸದಿರುವುದೇ ದೋಷ. ಕಡಲೆಕಾಯಿ ಬಿಸ್ಕತ್ತು ಬೆಂದ ತಟ್ಟೆಯಲ್ಲೇ ಬೇರೊಂದು ಬೇಯುತ್ತದೆ. ಒಂದರ ಹೊದಿಕೆ ಇನ್ನೊಂದಕ್ಕೆ ಸುತ್ತಿಕೊಳ್ಳುತ್ತದೆ. ಆಗ ಆ ತಂಡದ ಮಾಲನ್ನೆಲ್ಲ ಅಂಗಡಿಗಳಿಂದ ಹಿಂದಕ್ಕೆ ಕರೆಸಬೇಕಾಗುತ್ತದೆ. ಅಮೆರಿಕದಲ್ಲಿ ಆಹಾರವನ್ನು ಹೀಗೆ ಹಿಂಪಡೆಯಲು ಮುಖ್ಯ ಕಾರಣಗಳಲ್ಲಿ ಇದೂ ಒಂದು.

ನಮ್ಮ ದೇಶದ 1954ರ ಕಾಯಿದೆಯ ಹೆಸರೇ ಆಹಾರ ಕಲಬೆರಕೆ ತಡೆ ಕಾಯಿದೆ. 2001ರಲ್ಲಿ ಸಸ್ಯಾಹಾರದ ಹಸಿರು ಚುಕ್ಕೆ ಬಂದಿತು. ಅದೂ ಬೇಕರಿಯ ಫಲಕದಂತೆಯೇ: ಮೊಟ್ಟೆಯಿಲ್ಲ ಎನ್ನುತ್ತದೆ, ಹಾಲಿನ ವಿಷಯ ಹೇಳುವುದಿಲ್ಲ. 2006ರಲ್ಲಿ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಕಾಯಿದೆ ಬಂದಿತು. ಅದರಡಿ 2017ರಲ್ಲಿ ಆಹಾರ ಹಿಂಪಡೆಯುವ ನಿಯಮಗಳೂ, ಅಲರ್ಜಿಕಾರಕಗಳನ್ನು ಪೊಟ್ಟಣದ ಮೇಲೆ ತಿಳಿಸಬೇಕೆಂಬ ವಿಧಿಯುಳ್ಳ ನಿಯಮಗಳು 2020ರಲ್ಲೂ ಹೊರಟವು. ಗ್ಲುಟೆನ್ ಇರುವ ಧಾನ್ಯ, ಹಾಲು, ಮೊಟ್ಟೆ, ಮೀನು, ಕಡಲೆಕಾಯಿ, ಸೋಯಾ ಮೊದಲಾದವು ಆ ಪಟ್ಟಿಯಲ್ಲಿವೆ.

ಒಂದು ಸಾಲಿನ ಬೆಲೆ ಎಷ್ಟು? 2016ರಲ್ಲಿ ಬ್ರಿಟನ್ನಿನ 15 ವರ್ಷದ ಹುಡುಗಿ ನತಾಶಾ, ವಿಮಾನ ನಿಲ್ದಾಣದಲ್ಲಿ ಕೊಂಡ ಬ್ರೆಡ್ಡನ್ನು ತಿಂದು ಅಲರ್ಜಿಯಿಂದ ತೀರಿಕೊಂಡಳು. ಹಿಟ್ಟಿನೊಳಗೆ ಎಳ್ಳು ಸೇರಿತ್ತು. ಹೊದಿಕೆಯ ಮೇಲೆ ಅದನ್ನು ಬರೆದಿರಲಿಲ್ಲ. ಅಂಗಡಿಯಲ್ಲೇ ಮಾಡಿ ಕಟ್ಟಿಟ್ಟ ತಿನಿಸಿಗೆ ಅಲ್ಲಿನ ಕಾನೂನು ಆಗ ಅದನ್ನು ಕೇಳುತ್ತಿರಲಿಲ್ಲ. 2021ರಿಂದ ಕೇಳುತ್ತಿದೆ.

ಬಿಸ್ಕತ್ತಿನ ಪೊಟ್ಟಣ ಒಡೆಯುವ ಮುನ್ನ ಆ ಸಣ್ಣ ಅಕ್ಷರಗಳನ್ನು ಓದಿರಿ. ಕಾಗದದಲ್ಲಿ ಕಟ್ಟಿಕೊಡುವ ಬಿಡಿ ಬನ್ನಿಗೆ ಚೀಟಿ ಇರುವುದಿಲ್ಲ. ಗೆಳೆಯನಿಗೆ ಅಲರ್ಜಿ ಇದ್ದರೆ, ಅದನ್ನು ಹಂಚಿಕೊಳ್ಳುವ ಮುನ್ನ ಬೇಕರಿಯವರನ್ನೇ ಕೇಳಿರಿ: ಇದರಲ್ಲಿ ಏನೇನಿದೆ?